ಹಿಡಿದಿದ್ದು ಸರಿ, ಬಿಡೋದು ಯಾವಾಗ?

2025ರ ಜನವರಿ. ಸಂಕ್ರಾಂತಿಗೆ ಊರಿಗೆ ಹೊರಟಿದ್ದೆ. ಬೆಂಗಳೂರಿನಿಂದ ರಾಣೆಬೆನ್ನೂರಿಗೆ ರಾತ್ರಿ ರೈಲು, ಸ್ಲೀಪರ್ ಬೋಗಿ. ಹಬ್ಬದ ರಶ್ ಅಂದ್ರೆ ನಿಮಗೆ ಗೊತ್ತೇ ಇದೆ, ರಿಸರ್ವೇಶನ್ ಇರೋರಿಗಿಂತ ಇಲ್ಲದೋರೇ ಜಾಸ್ತಿ. ತಿಪಟೂರು ದಾಟಿ ಹತ್ತು ನಿಮಿಷ ಆಗಿರಬೇಕು. ಬಾಗಿಲ ಕಡೆಯಿಂದ ಗಾಜು ಒಡೆದ ಸದ್ದು, ಹಿಂದೆಯೇ ಒಬ್ಬ ಹೆಂಗಸಿನ ಕಿರುಚಾಟ.

ಎದ್ದು ನೋಡಿದರೆ ನಲವತ್ತರ ಆಸುಪಾಸಿನ ಒಬ್ಬ ಮನುಷ್ಯ, ಕೈಯಲ್ಲಿ ಒಡೆದ ಬಾಟಲಿ. "ನನ್ನ ಹಿಂದೆ ಯಾಕ್ರೋ ಬಂದಿದ್ದೀರಾ? ಹತ್ರ ಬಂದ್ರೆ ಕುಯ್ದಾಕ್ತೀನಿ" ಅಂತ ಕೂಗ್ತಿದ್ದ. ಅವನ ಹಿಂದೆ ಯಾರೂ ಬಂದಿರಲಿಲ್ಲ. ಅವನ ಪಕ್ಕದ ಸೈಡ್ ಲೋಯರ್ ಬರ್ತ್‌ನಲ್ಲಿ ಒಬ್ಬಾಕೆ ಮೂರು ವರ್ಷದ ಮಗುವನ್ನು ಹೊಟ್ಟೆಗೆ ಒತ್ತಿಕೊಂಡು ಮೂಲೆಗೆ ಸರಿದಿದ್ದಳು. ಬಾಟಲಿಗೂ ಮಗುವಿಗೂ ನಡುವೆ ಒಂದು ಮೊಳ ಜಾಗ ಇರಲಿಲ್ಲ.

ನಾನು ಜಿಮ್ಮಿಗೆ ಹೋಗೋನಲ್ಲ, ಜಗಳಕ್ಕಂತೂ ಮೊದಲೇ ಅಲ್ಲ. ಆದರೆ ಗಟ್ಟಿಮುಟ್ಟಾದ ಹುಡುಗನೊಬ್ಬ ಹಿಂದಿನಿಂದ ಅವನ ಮಣಿಕಟ್ಟು ಹಿಡಿದ. ಬಾಟಲಿ ಬಿತ್ತು, ಯಾರೋ ಅದನ್ನು ಸೀಟಿನ ಕೆಳಗೆ ಒದ್ದರು. ನಾಲ್ಕು ಜನ ಸೇರಿ ಅವನನ್ನು ಬೋರಲು ಕೆಡವಿದೆವು. ಹೌದು, ಕೆಡವಿದೆವು. ಒಬ್ಬರು ಬೆನ್ನಿನ ನಡುವೆ ಮೊಣಕಾಲು ಊರಿದರು, ಇಬ್ಬರು ಒಂದೊಂದು ಕೈ ಹಿಡಿದರು, ನಾನು ಕಾಲುಗಳ ಮೇಲೆ ಕೂತೆ. ಅವನು ಕೊಸರಾಡಿದಷ್ಟೂ ನಾವು ಒತ್ತಿದೆವು. "ಬಿಟ್ರೆ ಎದ್ದೇಳ್ತಾನೆ, ಬಿಡಬೇಡಿ" ಅಂತ ಸುತ್ತಲಿನವರ ಹುರುಪು ಬೇರೆ. ಅವನು ಏನೋ ಹೇಳ್ತಿದ್ದ, ಬೈಗುಳ ಅಂದುಕೊಂಡೆ. ಆಮೇಲೆ ಸುಮ್ಮನಾದ. "ಹಾಂ, ಈಗ ದಾರಿಗೆ ಬಂದ" ಅಂದರು ಮೊಣಕಾಲು ಊರಿದವರು.

ಆಗ ಮಿಡಲ್ ಬರ್ತ್‌ನಿಂದ ಒಬ್ಬ ಅಜ್ಜಿ ತಲೆ ಹೊರಗೆ ಹಾಕಿ ಬೈದಳು. "ಏ ತಮ್ಮಾ, ಬಿಡ್ರೋ ಅವನ್ನ! ಮಾರಿ ನೋಡ್ರಿ ಹೆಂಗಾಗೇತಿ. ಉಸಿರಾಡವಲ್ಲ!"

ನಾವು ನಾಲ್ವರಲ್ಲಿ ಒಬ್ಬರೂ ಅವನ ಮುಖ ನೋಡಿರಲಿಲ್ಲ.

ತಿರುಗಿಸಿದೆವು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಅಜ್ಜಿಯೇ ಕೆಳಗಿಳಿದು ಮಗ್ಗುಲಿಗೆ ಮಲಗಿಸಿ ಬೆನ್ನು ನೀವಿದಳು. ಎಷ್ಟೋ ಹೊತ್ತಾದ ಮೇಲೆ ಅಂತ ನನಗೆ ಅನ್ನಿಸಿತು, ಗೊರಕೆಯಂಥ ಒಂದು ದೊಡ್ಡ ಸದ್ದು ಬಂತು. ಉಸಿರು. ಅರಸೀಕೆರೆಯಲ್ಲಿ ರೈಲ್ವೆ ಪೊಲೀಸರು ಹತ್ತಿದರು, ಯಾರೋ 139ಕ್ಕೆ ಫೋನ್ ಮಾಡಿದ್ದರು. ಅವನನ್ನು ಕರೆದೊಯ್ದರು, ನಮ್ಮ ನಂಬರ್ ಬರೆದುಕೊಂಡರು. ರೈಲು ಹೊರಟಿತು. ಅಜ್ಜಿ ಮತ್ತೆ ಹತ್ತಿ ಮಲಗಿದಳು. ನನಗೆ ರಾಣೆಬೆನ್ನೂರು ಬರೋವರೆಗೂ ನಿದ್ದೆ ಬರಲಿಲ್ಲ.

ಎರಡು ದಿನದ ನಂತರ ಆ ಗಟ್ಟಿಮುಟ್ಟಾದ ಹುಡುಗ ವಾಟ್ಸ್ಯಾಪ್‌ನಲ್ಲಿ ಒಂದು ವಿಡಿಯೊ ಕಳಿಸಿದ. ಅಪ್ಪರ್ ಬರ್ತ್‌ನಿಂದ ಯಾರೋ ಶೂಟ್ ಮಾಡಿದ್ದು. ಪೊಲೀಸರಿಗೆ ಹೇಳಿಕೆ ಕೊಡುವಾಗ "ಹೆಚ್ಚೆಂದರೆ ಒಂದು ನಿಮಿಷ ಹಿಡಿದಿದ್ವಿ ಸರ್" ಅಂತ ನಾನು ಪ್ರಾಮಾಣಿಕವಾಗಿಯೇ ಹೇಳಿದ್ದೆ. ವಿಡಿಯೊ ಪ್ರಕಾರ ಅವನು ನಮ್ಮ ಕೆಳಗೆ ಬೋರಲು ಬಿದ್ದಿದ್ದು 3 ನಿಮಿಷ 40 ಸೆಕೆಂಡ್. ಅಲುಗಾಡೋದು ನಿಂತ ಮೇಲೂ 22 ಸೆಕೆಂಡ್ ಹಾಗೇ ಒತ್ತಿ ಹಿಡಿದಿದ್ದೆವು. ಆಫೀಸಿನಲ್ಲಿ ಯಾವ ಸರ್ವರ್ ಯಾವಾಗ ಕೆಟ್ಟಿತು ಅಂತ ಲಾಗ್ ನೋಡಿ ಸೆಕೆಂಡ್ ಲೆಕ್ಕದಲ್ಲಿ ಹೇಳೋನು ನಾನು. ನನ್ನದೇ ಮೈಭಾರದ ಲೆಕ್ಕ ನನಗೆ ಮೂರೂವರೆ ಪಟ್ಟು ತಪ್ಪಿತ್ತು.

ಈ ವಿಷಯ ಬರೆಯೋಕೆ ಇನ್ನೊಂದು ಕಾರಣ ಇದೆ. 2023ರಲ್ಲಿ ನಾನು ಆನ್‌ಸೈಟ್ ಕೆಲಸಕ್ಕೆ ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿದ್ದೆ. ವಾರಕ್ಕೆ ಮೂರು ದಿನ ನದಿಯಾಚೆಯ ನ್ಯೂಯಾರ್ಕ್‌ಗೆ ಹೋಗಿ, ಅಲ್ಲಿನ ಸುರಂಗ ರೈಲು ಹಿಡಿದು ಕ್ಲೈಂಟ್ ಆಫೀಸಿಗೆ ಹೋಗ್ತಿದ್ದೆ. ಆ ರೈಲಿನಲ್ಲಿ ಓಡಾಡಿದ ಯಾರನ್ನು ಬೇಕಾದರೂ ಕೇಳಿ, ಒಬ್ಬರೇ ಕೂಗಾಡೋರು, ಯಾರ ಮೇಲೋ ರೇಗೋರು ವಾರಕ್ಕೊಮ್ಮೆಯಾದರೂ ಸಿಗ್ತಾರೆ. ಎಲ್ಲರೂ ಮಾಡೋದು ಒಂದೇ: ಫೋನಿನಲ್ಲಿ ಮುಖ ಹುದುಗಿಸಿ ಮುಂದಿನ ಸ್ಟೇಷನ್‌ಗೆ ಕಾಯೋದು. ನಾನೂ ಅಷ್ಟೇ.

ಆ ವರ್ಷದ ಮೇ 1ರಂದು ಎಫ್ ಮಾರ್ಗದ ರೈಲಿಗೆ ಜಾರ್ಡನ್ ನೀಲಿ ಎಂಬ 30 ವರ್ಷದವನು ಹತ್ತಿದ. ಮೊದಲು ಮೈಕೆಲ್ ಜಾಕ್ಸನ್ ಥರ ವೇಷ ಹಾಕಿ ಕುಣಿದು ಜನರನ್ನು ರಂಜಿಸ್ತಿದ್ದವನು. ಹದಿಹರೆಯದಲ್ಲಿ ತಾಯಿಯ ಕೊಲೆಯಾಗಿತ್ತು. ಆಮೇಲೆ ಸ್ಕಿಜೋಫ್ರೇನಿಯಾ, ಬೀದಿಯ ಬದುಕು, ಆಸ್ಪತ್ರೆ, ಜೈಲು. ಹಿಂದೆ 67 ವರ್ಷದ ಮಹಿಳೆಗೆ ಹೊಡೆದ ಪ್ರಕರಣವೂ ಅವನ ಮೇಲಿತ್ತು, ಆದರೆ ಅವತ್ತು ರೈಲಿನಲ್ಲಿದ್ದವರಿಗೆ ಅದು ಗೊತ್ತಿರಲಿಲ್ಲ. ಅವರಿಗೆ ಕಂಡದ್ದು ಇಷ್ಟು: ಕೋಟು ನೆಲಕ್ಕೆಸೆದು, ಹಸಿವಾಗಿದೆ, ಬಾಯಾರಿದೆ, ಜೈಲಿಗೆ ಹೋದರೂ ಸರಿ, ಸತ್ತರೂ ಸರಿ ಅಂತ ಅರಚುತ್ತಿದ್ದ ಮನುಷ್ಯ. ಡೇನಿಯಲ್ ಪೆನ್ನಿ ಎಂಬ 24 ವರ್ಷದ ಮಾಜಿ ಮರೀನ್ ಯೋಧ ಹಿಂದಿನಿಂದ ಬಂದು ಅವನ ಕುತ್ತಿಗೆಗೆ ತೋಳು ಸುತ್ತಿ ನೆಲಕ್ಕೆ ಕೆಡವಿದ. ಇನ್ನಿಬ್ಬರು ಕೈಕಾಲು ಹಿಡಿಯಲು ಬಂದರು. ಹಿಡಿತ ಸುಮಾರು ಆರು ನಿಮಿಷ ಬಿಡಲಿಲ್ಲ. ನೀಲಿ ಸತ್ತ. ಯಾರ ಮೈಯನ್ನೂ ಅವನು ಮುಟ್ಟಿರಲಿಲ್ಲ. ಜೇಬಿನಲ್ಲಿ ಸಿಕ್ಕಿದ್ದು ಒಂದು ಮಫಿನ್.

ನಮ್ಮ ಟೀಮ್ ಗ್ರೂಪ್‌ನಲ್ಲಿ ಚರ್ಚೆಯೋ ಚರ್ಚೆ. ನಾನು ಒಂದು ಸಾಲು ಹಾಕಿದ್ದೆ: "ದಿನಾ ಆ ರೈಲಲ್ಲಿ ಹೋಗೋರಿಗೆ ಗೊತ್ತು ಭಯ ಅಂದ್ರೇನು ಅಂತ. ಪೆನ್ನಿ ಮಾಡಿದ್ದು ಸರಿ." ಹತ್ತೋ ಹನ್ನೆರಡೋ ಥಮ್ಸ್ ಅಪ್ ಬಿದ್ದಿದ್ದವು.

ರೈಲಿನ ವಿಡಿಯೊ ನೋಡಿದ ರಾತ್ರಿ ಆ ಮೆಸೇಜ್ ಹುಡುಕಿ ತೆಗೆದೆ. ಆಮೇಲೆ 2024ರ ಕೊನೆಗೆ ಮ್ಯಾನ್‌ಹಟನ್ ಕೋರ್ಟಿನಲ್ಲಿ ನಡೆದ ವಿಚಾರಣೆಯ ವರದಿಗಳನ್ನು ಕೂತು ಓದಿದೆ. ಮೊದಲ ಸಲ ಹೆಡ್‌ಲೈನ್ ಬಿಟ್ಟು ಒಳಗಿನದ್ದನ್ನು ಓದಿದ್ದು.

ನನಗೆ ಆಶ್ಚರ್ಯ ಆಗಿದ್ದು, ಅಲ್ಲಿ ಸರ್ಕಾರಿ ವಕೀಲರು ಕೂಡ ಪೆನ್ನಿ ಮಧ್ಯೆ ಬಂದಿದ್ದೇ ತಪ್ಪು ಅಂತ ವಾದಿಸಿರಲಿಲ್ಲ. ಪ್ರಯಾಣಿಕರು ನಿಜಕ್ಕೂ ಹೆದರಿದ್ದರು. ಪುಟ್ಟ ಮಗನನ್ನು ಸ್ಟ್ರೋಲರ್ ಹಿಂದೆ ಅಡಗಿಸಿಕೊಂಡಿದ್ದ ತಾಯಿಯೊಬ್ಬಳು ಬಂದು ಸಾಕ್ಷಿ ಹೇಳಿದ್ದಳು. ಜಗಳ ಇದ್ದದ್ದು ಗಡಿಯಾರದ ಮೇಲೆ. ಹಿಡಿತ ಹಾಕಿದ ಸುಮಾರು 30 ಸೆಕೆಂಡಿಗೆ ರೈಲು ಬ್ರಾಡ್‌ವೇ–ಲಫಾಯೆಟ್ ಸ್ಟೇಷನ್‌ಗೆ ಬಂದಿತ್ತು, ಬಾಗಿಲು ತೆರೆದಿತ್ತು, ಹೆದರಿದವರು ಇಳಿದು ಹೋಗಬಹುದಿತ್ತು. ಆಮೇಲೆಯೂ ಹಿಡಿತ ಬಿಡಲಿಲ್ಲ. ನೀಲಿ ಅಲುಗಾಡೋದು ನಿಂತ ಮೇಲೂ 51 ಸೆಕೆಂಡ್ ಬಿಡಲಿಲ್ಲ ಅನ್ನೋದು ಸರ್ಕಾರಿ ವಕೀಲರ ಲೆಕ್ಕ. ಪಕ್ಕದಲ್ಲಿದ್ದವರೊಬ್ಬರು ಹೀಗೇ ಹಿಡಿದರೆ ಸಾಯ್ತಾನೆ ಅಂತ ಎಚ್ಚರಿಸಿದ್ದೂ ವಿಡಿಯೊದಲ್ಲಿದೆ. ಎದುರಿನವನಿಗೆ ಪ್ರಜ್ಞೆ ತಪ್ಪಿದ ಕೂಡಲೇ ಹಿಡಿತ ಬಿಡಬೇಕು ಅಂತಲೇ ಕಲಿಸೋದು ಎಂದು ಪೆನ್ನಿಗೆ ಮರೀನ್‌ನಲ್ಲಿ ತರಬೇತಿ ಕೊಟ್ಟವರೇ ಕೋರ್ಟಿನಲ್ಲಿ ಹೇಳಿದರು.

ಪೆನ್ನಿ ಕಡೆಯವರಿಗೂ ಉತ್ತರ ಇತ್ತು. ಪೊಲೀಸರು ಬರೋವರೆಗೆ ಹಿಡಿದಿಡೋದಷ್ಟೇ ಉದ್ದೇಶ, ಕೊಲ್ಲೋದಲ್ಲ ಅಂದರು. ಕುತ್ತಿಗೆ ಒತ್ತಿದ್ದರಿಂದಲೇ ಸಾವು ಅಂತ ನಗರದ ವೈದ್ಯಾಧಿಕಾರಿ ಹೇಳಿದರೆ, ಡಿಫೆನ್ಸ್ ತಂದ ತಜ್ಞರು ನೀಲಿಯ ರಕ್ತದ ಕಾಯಿಲೆ, ಮಾನಸಿಕ ಸ್ಥಿತಿ, ದೇಹದಲ್ಲಿದ್ದ ಮಾದಕವಸ್ತು ಎಲ್ಲ ಸೇರಿ ಆದದ್ದು ಅಂದರು. ದೊಡ್ಡ ಆರೋಪದ ಮೇಲೆ ಜ್ಯೂರಿಯ ಹನ್ನೆರಡು ಮಂದಿಗೆ ಒಮ್ಮತ ಬರಲೇ ಇಲ್ಲ, ಅದನ್ನು ಕೈಬಿಟ್ಟರು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಅನ್ನೋ ಎರಡನೇ ಆರೋಪದಲ್ಲಿ ಡಿಸೆಂಬರ್ 9ರಂದು ತಪ್ಪಿತಸ್ಥನಲ್ಲ ಅಂತ ತೀರ್ಪು ಬಂತು. ಅರ್ಧ ಅಮೆರಿಕ ಅವನನ್ನು ಹೀರೊ ಅಂದಿತು, ಇನ್ನರ್ಧ ಕೊಲೆಗಾರ ಅಂದಿತು. ವಾರಗಟ್ಟಲೆ ಎಲ್ಲ ಸಾಕ್ಷಿ ಕೇಳಿದ ಹನ್ನೆರಡು ಜನರ ತೀರ್ಪಿನ ಮೇಲೆ ತಕರಾರು ತೆಗೆಯೋಕೆ ನಾನು ಯಾರು? ಹೀರೊ ಅನ್ನೋಕೆ ಮಾತ್ರ ಈಗ ಬಾಯಿ ಬರಲ್ಲ. ಕೊಲೆಗಾರ ಅನ್ನೋಕೂ ಬರಲ್ಲ. ಮೊದಲ ಅರ್ಧ ನಿಮಿಷ ಮತ್ತು ಕೊನೆಯ ಒಂದು ನಿಮಿಷ, ಎರಡನ್ನೂ ಒಂದೇ ಕೆಲಸ ಅಂತ ನಾನು 2023ರಲ್ಲಿ ನೋಡಿದ್ದೆ. ಅವು ಬೇರೆ ಬೇರೆ.

ನಮ್ಮ ಕಾನೂನು ಈ ಮಾತನ್ನು ಬಹಳ ಸರಳವಾಗಿ ಹೇಳಿದೆ. ಪರಿಚಯದ ವಕೀಲರೊಬ್ಬರ ಹತ್ತಿರ ಹೋಗಿದ್ದೆ, ನನ್ನ ಮೇಲೆ ಕೇಸ್ ಆಗುತ್ತಾ ಅನ್ನೋ ಭಯ ಇದ್ದೇ ಇತ್ತಲ್ಲ. ಅವರು ಭಾರತೀಯ ನ್ಯಾಯ ಸಂಹಿತೆ ತೆರೆದು ತೋರಿಸಿದರು. 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯವು. ನಿಮ್ಮದಷ್ಟೇ ಅಲ್ಲ, ಪಕ್ಕದ ಬರ್ತ್‌ನ ಮಗುವಿನ ಪ್ರಾಣ ಕಾಪಾಡೋ ಹಕ್ಕೂ ನಿಮಗಿದೆ. ಎದುರಿನವನು ಮಾನಸಿಕ ಅಸ್ವಸ್ಥ ಅನ್ನೋ ಕಾರಣಕ್ಕೆ ಆ ಹಕ್ಕು ಕಡಿಮೆಯಾಗಲ್ಲ, ಅದು 36ನೇ ಕಲಮು. 37ನೇದು, ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡೋ ಹಕ್ಕು ಯಾವ ಸಂದರ್ಭದಲ್ಲೂ ಇಲ್ಲ ಅನ್ನುತ್ತೆ. ನನ್ನನ್ನು ಹಿಡಿದು ನಿಲ್ಲಿಸಿದ್ದು 40ನೇದು: ಅಪಾಯದ ಭಯ ಹುಟ್ಟಿದಾಗ ಹಕ್ಕು ಶುರುವಾಗುತ್ತೆ, ಆ ಭಯ ಇರೋವರೆಗೆ ಮಾತ್ರ ಇರುತ್ತೆ.

"ಅಂದ್ರೆ ಬಾಟಲಿ ಬಿದ್ದ ಕೂಡಲೇ ಮುಗೀತಾ ಸರ್?" ಅಂತ ಕೇಳಿದೆ.

"ಹಾಗಲ್ಲ ಕಣಪ್ಪಾ" ಅಂದರು. "ಅವನು ಮತ್ತೆ ಎದ್ದು ಎಗರಬಹುದು ಅನ್ನೋ ಭಯ ನಿಜವಾಗಿದ್ರೆ ಹಿಡಿದಿಡಬಹುದು. ಆ ಗಡಿಬಿಡೀಲಿ ಗ್ರಾಂ ಲೆಕ್ಕದಲ್ಲಿ ತೂಗಿ ಅಂತ ಯಾವ ಕೋರ್ಟೂ ಕೇಳಲ್ಲ. ಆದ್ರೆ ಅವನು ಸುಮ್ಮನಾದ ಮೇಲೆ ನೀವು ಒತ್ತಿದ್ದೀರಲ್ಲ, ಆಗ ಯಾರಿಂದ ಯಾರಿಗೆ ಅಪಾಯ ಇತ್ತು?"

ಉತ್ತರ ಇರಲಿಲ್ಲ. 1962ರಲ್ಲೇ ಸುಪ್ರೀಂ ಕೋರ್ಟ್ ಜೈದೇವ್ ಪ್ರಕರಣದಲ್ಲಿ ಇದನ್ನು ಹೇಳಿದೆಯಂತೆ. ಹೊಲದ ಜಗಳ, ಎದುರಾಳಿಗಳು ಓಡ್ತಿರುವಾಗ ಗುಂಡು ಹಾರಿಸಿದ್ದರು. ಓಡೋವನಿಂದ ಏನು ಅಪಾಯ, ಅಲ್ಲಿಗೆ ಆತ್ಮರಕ್ಷಣೆಯ ಹಕ್ಕು ಮುಗಿದಿತ್ತು ಅಂದಿತು ಕೋರ್ಟು. ಒಳ್ಳೇ ಉದ್ದೇಶದಿಂದಲೇ ಮಿತಿ ಮೀರಿ ಯಾರಾದರೂ ಸತ್ತರೆ ಅದು ಕೊಲೆ ಅನ್ನಿಸಿಕೊಳ್ಳದೇ ಹೋಗಬಹುದು, ಆದರೆ ಅಪರಾಧವೇ ಅಲ್ಲ ಅಂತಾಗಲ್ಲ. ಜನಸಾಮಾನ್ಯರು ಯಾರನ್ನಾದರೂ ಹಿಡಿದಿಟ್ಟರೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು ಅಂತ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮು ಹೇಳುತ್ತೆ. ಕಂಬಕ್ಕೆ ಕಟ್ಟಿ ಎರಡೇಟು ಕೊಡೋದಕ್ಕೆ ಅದರಲ್ಲಿ ಜಾಗ ಇಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಹತ್ತಿರ ಮಕ್ಕಳ ಕಳ್ಳರು ಅನ್ನೋ ವಾಟ್ಸ್ಯಾಪ್ ಗಾಳಿಸುದ್ದಿಗೆ ಜನ ಹೊಡೆದು ಕೊಂದದ್ದು ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್‌ನನ್ನು, ನನ್ನಂಥವನನ್ನೇ. ಅಲ್ಲಿ ಮಿತಿಯ ಪ್ರಶ್ನೆಯೇ ಬರಲ್ಲ, ಅಪಾಯವೇ ಇರಲಿಲ್ಲ. ನಮ್ಮ ರೈಲಿನದು ಬೇರೆ ಥರ, ಅದಕ್ಕೇ ನನಗೆ ಅದು ಹೆಚ್ಚು ಹೆದರಿಕೆ ಹುಟ್ಟಿಸಿದ್ದು. ನಮ್ಮಲ್ಲಿ ಕೆಟ್ಟೋರು ಯಾರೂ ಇರಲಿಲ್ಲ.

ಇನ್ನು ಮೈಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಮ್ಮ ಕಾಲೇಜಿನಲ್ಲಿ ಎಲ್ಲ ಕಲಿಸಿದರು, ಇದನ್ನು ಕಲಿಸಲಿಲ್ಲ. ಉಸಿರಾಡಬೇಕಾದರೆ ಎದೆಗೂಡು ಹಿಗ್ಗಬೇಕು, ವಪೆ ಕೆಳಕ್ಕೆ ಸರಿಯಬೇಕು. ಬೋರಲು ಮಲಗಿಸಿ ಬೆನ್ನ ಮೇಲೆ ಭಾರ ಹಾಕಿದರೆ ಎರಡೂ ಆಗಲ್ಲ. ಅದಕ್ಕೆ ಮುಂಚೆ ಅವನು ಕೂಗಾಡಿ, ಎಳೆದಾಡಿ ದಣಿದಿರ್ತಾನೆ. ಮೈಗೆ ಮಾಮೂಲಿಗಿಂತ ಎಷ್ಟೋ ಪಟ್ಟು ಗಾಳಿ ಬೇಕು, ಸಿಗೋದು ಬಹಳ ಕಡಿಮೆ. ಆಗ ಅವನು ಉಸಿರಿಗಾಗಿ ಎದೆ ಎತ್ತೋಕೆ ಒದ್ದಾಡ್ತಾನೆ. ಮೇಲೆ ಕೂತವರಿಗೆ ಅದು ಹೇಗೆ ಕಾಣುತ್ತೆ? ಇನ್ನೂ ಬಗ್ಗಿಲ್ಲ ಅಂತ. ಇನ್ನಷ್ಟು ಒತ್ತುತ್ತಾರೆ. ಅವನು ಇನ್ನಷ್ಟು ಒದ್ದಾಡ್ತಾನೆ. ಸುಮ್ಮನಾದಾಗ ದಾರಿಗೆ ಬಂದ ಅಂದುಕೊಳ್ತಾರೆ.

ವಿಡಿಯೊದಲ್ಲಿ ಆವತ್ತು ನಾನು ಬೈಗುಳ ಅಂದುಕೊಂಡ ಮಾತು ಸ್ಪಷ್ಟವಾಗಿ ಕೇಳುತ್ತೆ. "ಉಸ್ರು... ಉಸ್ರು" ಅಂತಿದ್ದ.

ಮಾತಾಡ್ತಿದ್ದಾನೆ ಅಂದ್ರೆ ಉಸಿರಾಡ್ತಿದ್ದಾನೆ ಅನ್ನೋ ನಂಬಿಕೆ ಕೂಡ ಸುಳ್ಳು. ಎರಡು ಶಬ್ದ ಆಡೋಕೆ ಬೇಕಾಗೋ ಗಾಳಿ ಬಹಳ ಕಡಿಮೆ, ಬದುಕೋಕೆ ಬೇಕಾಗೋದು ಬಹಳ ಹೆಚ್ಚು. ಮಿನಿಯಾಪೊಲಿಸ್‌ನಲ್ಲಿ 2020ರಲ್ಲಿ ಪೊಲೀಸನ ಮೊಣಕಾಲಿನ ಕೆಳಗೆ 9 ನಿಮಿಷ 29 ಸೆಕೆಂಡ್ ಇದ್ದ ಜಾರ್ಜ್ ಫ್ಲಾಯ್ಡ್ ಮಾತಾಡ್ತಲೇ ಇದ್ದ, ಆಮೇಲೆ ನಿಲ್ಲಿಸಿದ. ಕುತ್ತಿಗೆಗೆ ತೋಳು ಹಾಕೋದಂತೂ ಇನ್ನೂ ಅಪಾಯ, ಮೆದುಳಿಗೆ ಹೋಗೋ ರಕ್ತವೇ ನಿಲ್ಲುತ್ತೆ, ಸೆಕೆಂಡ್‌ಗಳಲ್ಲಿ ಪ್ರಜ್ಞೆ ತಪ್ಪುತ್ತೆ. ಕೈಗೆ ಕೋಳ ಬಿದ್ದ ಕೂಡಲೇ ಆರೋಪಿಯನ್ನು ಬೋರಲು ಭಂಗಿಯಿಂದ ತಿರುಗಿಸಿ ಅಂತ ಅಮೆರಿಕದ ನ್ಯಾಯ ಇಲಾಖೆ 1995ರಲ್ಲೇ ಪೊಲೀಸರಿಗೆ ತಿಳಿವಳಿಕೆ ಪತ್ರ ಹೊರಡಿಸಿತ್ತು. ಹಾವೇರಿ ಕಡೆಯ ಆ ಅಜ್ಜಿ ಅದನ್ನು ಓದಿರಲಿಕ್ಕಿಲ್ಲ. ಮುಖ ನೋಡಿದಳು, ಅಷ್ಟೇ.

ಈ ಕಥೆ ಹೇಳಿದಾಗಲೆಲ್ಲ ಯಾರಾದರೂ ಒಬ್ಬರು ಕೇಳ್ತಾರೆ. ಹೋದ ತಿಂಗಳು ಕ್ಯಾಂಟೀನಿನಲ್ಲಿ ಗೆಳೆಯ ಕೇಳಿದ, "ಬೇಗ ಬಿಟ್ಟು ಅವನು ಎದ್ದು ಆ ಮಗೂಗೆ ಏನಾದ್ರೂ ಮಾಡಿದ್ರೆ, ಆಗ ಏನಂತ ಬರೀತಿದ್ದೆ ಮಗಾ?" ನ್ಯಾಯವಾದ ಪ್ರಶ್ನೆ. ಮತ್ತೆ ಅಂಥದ್ದೇ ಆದರೆ ನಾನು ಮತ್ತೆ ಹಿಡೀತೀನಿ, ಅದರಲ್ಲಿ ಅನುಮಾನ ಇಲ್ಲ. ಸುಮ್ಮನೆ ಕೂತು ವಿಡಿಯೊ ಮಾಡೋದು ದೊಡ್ಡತನ ಅಲ್ಲ. ಆದರೆ ಬಿಡೋದು ಅಂದ್ರೆ ಪೂರ್ತಿ ಬಿಟ್ಟು ದೂರ ಹೋಗೋದು ಅಂತ ನಾವು ಅಂದುಕೊಂಡಿದ್ದೇ ತಪ್ಪು. ಬಾಟಲಿ ಹೋದ ಮೇಲೆ ಅವನನ್ನು ಮಗ್ಗುಲಿಗೆ ತಿರುಗಿಸಿ, ಕೈ ಮಾತ್ರ ಹಿಡಿದು ಕೂರಬಹುದಿತ್ತು. ನಾಲ್ಕು ಜನ ಇದ್ದೆವು, ಅವನು ಒಬ್ಬ. ಬೆನ್ನ ಮೇಲೆ, ಕುತ್ತಿಗೆ ಮೇಲೆ ಯಾರೂ ಇರಬೇಕಾಗಿರಲಿಲ್ಲ. ಆ ಹೆಂಗಸನ್ನೂ ಮಗುವನ್ನೂ ಪಕ್ಕದ ಬೋಗಿಗೆ ಕಳಿಸಬಹುದಿತ್ತು, ಅದು ಯಾರಿಗೂ ಹೊಳೆಯಲೇ ಇಲ್ಲ. ವಿಡಿಯೊದಲ್ಲಿ ನೋಡಿದರೆ ಕೊನೆವರೆಗೂ ಅವರು ಅದೇ ಮೂಲೆಯಲ್ಲಿದ್ದಾರೆ. ಅಪಾಯದಿಂದ ಅವರನ್ನು ದೂರ ಮಾಡೋದಕ್ಕಿಂತ ಅವನನ್ನು ಅದುಮೋದೇ ನಮಗೆ ಮುಖ್ಯ ಆಗಿಬಿಟ್ಟಿತ್ತು ಅನ್ನಿಸುತ್ತೆ. ಮತ್ತೆ, ಒಬ್ಬರು ಅವನ ಮುಖ ನೋಡ್ತಾ, ಅವನ ಜತೆ ಮಾತಾಡ್ತಾ, ಫೋನಿನಲ್ಲಿ ಟೈಮರ್ ಹಾಕಿಕೊಂಡು ಕೂತಿದ್ದರೆ ಸಾಕಿತ್ತು. ಕೈ ಹಾಕಿದವರಿಗೆ ಹೊತ್ತು ತಿಳಿಯಲ್ಲ. ಇದು ನನ್ನ ಅನುಭವದ ಮಾತು, 3 ನಿಮಿಷ 40 ಸೆಕೆಂಡಿನ ಅನುಭವ.

ಕೇಸ್ ಏನೂ ಆಗಲಿಲ್ಲ. ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು ಅಂತ ಪೊಲೀಸರು ಫೋನಿನಲ್ಲಿ ಹೇಳಿದರು. ಮಾತ್ರೆ ನಿಲ್ಲಿಸಿ ಮೂರು ವಾರ ಆಗಿತ್ತಂತೆ, ಮನೆಯಲ್ಲಿ ಹೇಳದೆ ರೈಲು ಹತ್ತಿದ್ದನಂತೆ. ಜೇಬಿನಲ್ಲಿದ್ದ ಚೀಟಿಯ ನಂಬರಿಗೆ ಫೋನ್ ಮಾಡಿ ಅಣ್ಣನನ್ನು ಕರೆಸಿದ್ದರು.

ಫೆಬ್ರುವರಿಯಲ್ಲಿ ಆ ಅಣ್ಣನೇ ನನಗೆ ಫೋನ್ ಮಾಡಿದರು. ಜಗಳಕ್ಕೆ ಇರಬೇಕು ಅಂದುಕೊಂಡು ಎದ್ದು ಮೀಟಿಂಗ್ ರೂಮಿನಿಂದ ಆಚೆ ಬಂದೆ.

"ನಮ್ ತಮ್ಮನ್ನ ಮಗ್ಗುಲಿಗೆ ತಿರುಗ್ಸಿ ಉಳಿಸಿದ್ರಂತಲ್ಲ ಸಾರ್, ಪೊಲೀಸ್ನೋರು ನಿಮ್ ನಂಬರ್ ಕೊಟ್ರು" ಅಂದರು. "ಈಗ ಮಾತ್ರೆ ನುಂಗ್ತಾವ್ನೆ. ಎಡಗಡೆ ಮಗ್ಗುಲಾಗೆ ಮಲ್ಗಕ್ಕೆ ಮಾತ್ರ ಇನ್ನೂ ಆಯ್ತಿಲ್ಲ ಅಂತಾನೆ."

ತಿರುಗಿಸಿದ್ದು ನಾನಲ್ಲ, ಒಬ್ಬ ಅಜ್ಜಿ ಅಂದೆ.

"ನೀವು ಅಲ್ಲೇ ಇದ್ರಾ ಸಾರ್?"

"ಇದ್ದೆ" ಅಂದೆ. ಕಾಲ ಮೇಲೆ ಕೂತಿದ್ದೆ ಅಂತ ಹೇಳೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಅವರು, ಆ ಅಜ್ಜಿ ಯಾವೂರೋರು ಅಂತ ಗೊತ್ತಾ ಸಾರ್, ಒಂದ್ಸಲ ಹೋಗಿ ನೋಡ್ಕಂಡ್ ಬರನ ಅಂತ, ಅಂದರು. ನನಗೆ ಅದೂ ಗೊತ್ತಿರಲಿಲ್ಲ.